ಬಾಯಿ ಬಿಡಿಸದೆ ಅಂಕ ಹಾಕುವ ಇಂಗ್ಲಿಷ್!

ಹೋದ ತಿಂಗಳು ನಮ್ಮ ಪ್ರೆಸ್ಸಿಗೆ ಒಂದು ಹೈಸ್ಕೂಲಿನ ಜವಾನ ಬಂದಿದ್ದ. ಊರಿನ ಹೆಸರು ಬೇಡ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನಲ್ಲಿ ಒಂದು ಎಂದುಕೊಳ್ಳಿ. ಯಾವುದು ಎಂದುಕೊಂಡರೂ ದೊಡ್ಡ ತಪ್ಪೇನಾಗದು. ಅಂಕದ ರಿಜಿಸ್ಟರ್ ಮುಗಿದಿದೆ, ಇದೇ ತರಹ ಗೆರೆ ಹಾಕಿ ಇನ್ನೂ 10 ಮಾಡಿಕೊಡಿ ಎಂದು ಹಳೆಯದೊಂದನ್ನು ಮಾದರಿಗೆ ಕೊಟ್ಟು ಹೋದ. ಕಾಲಂ ಅಳತೆ ತೆಗೆಯಲು ಪುಟ ತಿರುವಿದೆ. ಇಂಗ್ಲಿಷ್ ಪುಟ ಬಂತು. ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು ಎಂದು ನಾಲ್ಕು ಕಾಲಂ. ‘ಮಾತನಾಡುವುದು’ ಎಂಬಲ್ಲಿ ಮೇಲಿಂದ ಕೆಳಗಿನ ತನಕ 62 ಮಕ್ಕಳಿಗೂ ಹತ್ತಕ್ಕೆ 8. ನಾಲ್ಕು ಸಲ 8 ಬರೆಯುವಷ್ಟರಲ್ಲಿ ಮೇಷ್ಟ್ರಿಗೂ ಬೇಸರ ಬಂದಿರಬೇಕು, ಕೆಳಗೆಲ್ಲ ಎರಡೆರಡು ಗೀಟು ಎಳೆದು ‘ಅದೇ ಅದೇ’ ಅನ್ನಿಸಿಬಿಟ್ಟಿದ್ದರು. ಒಬ್ಬ ಹುಡುಗನ ಹೆಸರಿನ ಪಕ್ಕ ಕೆಂಪು ಶಾಯಿಯಲ್ಲಿ ‘ಟಿ.ಸಿ. ಪಡೆದಿದ್ದಾನೆ’ ಎಂದಿತ್ತು. ಊರು ಬಿಟ್ಟು ಹೋದ ಆ ಹುಡುಗನಿಗೂ ಇಂಗ್ಲಿಷ್ ಮಾತಿಗೆ 8!

ನಕ್ಕೆ. ಆಮೇಲೆ ನಗು ಬರಲಿಲ್ಲ. ಇದೇ 62 ಮಕ್ಕಳಲ್ಲಿ ಹತ್ತಾರು ಜನ ನಾಳೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಪೀಣ್ಯದಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಒಂದು ತಣ್ಣನೆಯ ರೂಮಿನಲ್ಲಿ ಕೂತವನೊಬ್ಬ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅನ್ನುತ್ತಾನೆ. ನಮ್ಮ ಹುಡುಗನ ಗಂಟಲ ಪಸೆ ಆರುತ್ತದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನ ಆ ಕುರ್ಚಿಯಲ್ಲಿ ಕೂತು ಎದ್ದು ಬಂದಿದ್ದೀರಿ, ನಿಮಗೇ ಗೊತ್ತು. ಶಾಲೆಯಲ್ಲಿ ಹತ್ತಕ್ಕೆ ಎಂಟು, ಇಂಟರ್‌ವ್ಯೂನಲ್ಲಿ ಸೊನ್ನೆ. ಇವೆರಡರಲ್ಲಿ ಒಂದು ಸುಳ್ಳು. ಯಾವುದು ಸುಳ್ಳು ಎಂದು ಯಾರೂ ಕೇಳುವುದಿಲ್ಲ. ಹುಡುಗ ಮಾತ್ರ ತನ್ನ ತಲೆಯೇ ದಡ್ಡ ಎಂದುಕೊಳ್ಳುತ್ತಾನೆ, ಅವನಪ್ಪ ಕನ್ನಡ ಶಾಲೆಗೆ ಹಾಕಿದ್ದೇ ತಪ್ಪಾಯಿತು ಎಂದುಕೊಳ್ಳುತ್ತಾನೆ. ಕನ್ನಡಕ್ಕೆ ಏಟು ಬೀಳುವುದು ಇಲ್ಲಿ.

ಹಾಗೆಂದು ಆ ಮೇಷ್ಟ್ರನ್ನು ಹಿಡಿದು ಬೈಯಲು ಹೊರಟರೆ ಅದೂ ಅನ್ಯಾಯವೇ. ಲೆಕ್ಕ ಹಾಕಿ ನೋಡಿ. ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆ ಇದೆಯಲ್ಲ, ಅದರಲ್ಲಿ ಮಾತಿನ ಪರೀಕ್ಷೆಗೆ ಒಬ್ಬ ಅಭ್ಯರ್ಥಿಯ ಎದುರು ಒಬ್ಬ ಪರೀಕ್ಷಕ 11ರಿಂದ 14 ನಿಮಿಷ ಕೂರುತ್ತಾನೆ. ಒಬ್ಬೊಬ್ಬರಿಗೆ 12 ನಿಮಿಷ ಎಂದೇ ಹಿಡಿದರೂ 62 ಮಕ್ಕಳಿಗೆ 744 ನಿಮಿಷ. 40 ನಿಮಿಷದ ಪಿರಿಯಡ್ಡಿನ ಲೆಕ್ಕದಲ್ಲಿ 19 ಪಿರಿಯಡ್. ಒಬ್ಬನೇ ಮೇಷ್ಟ್ರು ನಾಲ್ಕು ತರಗತಿ, 250 ಮಕ್ಕಳನ್ನು ನೋಡಿಕೊಂಡರೆ 50 ಗಂಟೆ. ಈ ನಡುವೆ ಪಾಠ ಮುಗಿಸಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಇಲಾಖೆ ಕೇಳಿದ ಅಂಕಿ ಅಂಶ ಸಂಜೆಯೊಳಗೆ ಮೊಬೈಲಿನಲ್ಲಿ ತುಂಬಬೇಕು, ಚುನಾವಣೆ ಬಂದರೆ ಮತಗಟ್ಟೆಗೂ ಹೋಗಬೇಕು. ಕೇಳಲು ಹೊತ್ತು ಕೊಡದೆ ಅಂಕ ಮಾತ್ರ ಕೊಡಿ ಎಂದು ಕೂತವರು ಮೇಲಿನವರು. ಖಾಲಿ ಬಿಟ್ಟರೆ ನೋಟಿಸು, ತುಂಬಿದರೆ ಶಹಬ್ಬಾಸ್. ಮೇಷ್ಟ್ರು ತುಂಬಿದರು.

ಇನ್ನೊಂದು ವಿಚಿತ್ರ ಹೇಳುತ್ತೇನೆ. ನಮ್ಮ ತಾಲ್ಲೂಕುಗಳಲ್ಲಿ ಎಲ್ಲ ಕಡೆ ತರಗತಿ ತುಂಬಿ ತುಳುಕುತ್ತಿಲ್ಲ. ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿ, ಐದು ತರಗತಿಗೆ ಸೇರಿ 15 ಮಕ್ಕಳು, ಇಬ್ಬರು ಟೀಚರು. ಉಳಿದವರನ್ನು ಬೆಳಿಗ್ಗೆ ಹಳದಿ ವ್ಯಾನು ಹೊತ್ತುಕೊಂಡು ಹೋಗಿರುತ್ತದೆ. ಅದೇ ತಾಲ್ಲೂಕು ಕೇಂದ್ರದ ಹೈಸ್ಕೂಲಿಗೆ, ಪಿಯು ಕಾಲೇಜಿಗೆ ಬನ್ನಿ, ಬೆಂಚಿಗೆ ಐದು ಜನ, ಕಿಟಕಿ ಕಟ್ಟೆಯ ಮೇಲೂ ಹುಡುಗರು. ಮಗುವಿನ ನಾಲಿಗೆ ಹೇಗೆ ತಿರುಗಿಸಿದರೂ ತಿರುಗುವ ವಯಸ್ಸಿನಲ್ಲಿ ತರಗತಿ ಚಿಕ್ಕದು, ಆದರೆ ಇಂಗ್ಲಿಷ್ ಕಲಿತ ಟೀಚರು ಇಲ್ಲ. ನಾಚಿಕೆ ಹತ್ತಿದ ಹದಿನಾರರ ವಯಸ್ಸಿಗೆ ಇಂಗ್ಲಿಷ್ ಎಂ.ಎ. ಮಾಡಿದವರು ಸಿಗುತ್ತಾರೆ, ಆದರೆ ಎದುರಿಗೆ 80 ಜನ. ಇದನ್ನು ಯೋಜನೆ ಎನ್ನುತ್ತೀರೋ, ವಿಧಿ ಎನ್ನುತ್ತೀರೋ?

ಪರೀಕ್ಷೆಯ ಕಡೆ ಬನ್ನಿ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕ ಬರೆಯುವುದಕ್ಕೆ, 20 ಅಂಕ ಶಾಲೆಯ ಕೈಯಲ್ಲಿ. ಬರೆಯುವ ಪತ್ರಿಕೆಯಲ್ಲಿ ಸಂಭಾಷಣೆ ಓದಿಸಿ, ಗೆರೆ ಎಳೆದ ಮಾತು ಕೋರಿಕೆಯೋ, ಸಲಹೆಯೋ, ಕ್ಷಮೆಯೋ ಎಂದು ಗುರುತಿಸಲು ಹೇಳುತ್ತಾರೆ. ಪಿಯುಸಿಯಲ್ಲೂ ಸಂಭಾಷಣೆ ಪೂರ್ಣಗೊಳಿಸಿ ಎಂಬ ಪ್ರಶ್ನೆ ಉಂಟು. ಅಂದರೆ ಮಾತಾಡುವುದನ್ನೂ ಬರೆದು ತೋರಿಸಬೇಕು! ಈಜು ಬರುತ್ತದೆಯೋ ಇಲ್ಲವೋ ಎಂದು ಸೂಳೆಕೆರೆ ಏರಿಯ ಮೇಲೆ ಕೂರಿಸಿ ಪ್ರಬಂಧ ಬರೆಸಿದ ಹಾಗೆ. ನಮ್ಮ ಹುಡುಗರು ಬುದ್ಧಿವಂತರು, ಗೈಡಿನಲ್ಲಿರುವ ಸಂಭಾಷಣೆ ಬಾಯಿಪಾಠ ಮಾಡಿ ಪೂರ್ತಿ ಅಂಕ ತೆಗೆಯುತ್ತಾರೆ. ಬಾಯಿಪಾಠ ಮಾಡಿದ್ದು ಬಾಯಿಂದ ಮಾತ್ರ ಎಂದೂ ಬರುವುದಿಲ್ಲ.

2007ರಲ್ಲಿ ನಮ್ಮ ಸರ್ಕಾರ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಶುರು ಮಾಡಿತು. ಅದಕ್ಕೆ ಮೊದಲು ಐದನೇ ತರಗತಿಯಿಂದ ಇತ್ತು. 2007ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದ ಮಗು 2017ರಲ್ಲಿ ಎಸ್ಸೆಸ್ಸೆಲ್ಸಿ ಬರೆಯಿತು. ಹತ್ತು ವರ್ಷ! ಹತ್ತು ವರ್ಷದಲ್ಲಿ ಒಂದು ಸಲವಾದರೂ ಆ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಎರಡು ನಿಮಿಷ ‘ಹೇಳು ಮಗಾ, ಕೇಳುತ್ತೇನೆ’ ಎಂದವರು ಯಾರು? ಬೇಕಾದರೆ ನಿಮ್ಮನ್ನೇ ಕೇಳಿಕೊಳ್ಳಿ. ನಾನು 1998ರಲ್ಲಿ ಪಿಯುಸಿ ಮುಗಿಸಿದವನು, ನನ್ನನ್ನು ಒಬ್ಬರೂ ಕೇಳಿರಲಿಲ್ಲ.

ಆದರೆ ಆಮೇಲೆ ಒಂದು ದಿನ ಕೇಳಿದರು. ಹಳೆಯ ಆಫ್‌ಸೆಟ್ ಮಷೀನು ತಂದು ಆರು ತಿಂಗಳೂ ಆಗಿರಲಿಲ್ಲ, ಮದುವೆ ಸೀಸನ್, ಕಾಗದದ ಮೇಲೆಲ್ಲ ಇಂಕು ಹರಡಿಕೊಂಡು ಲಗ್ನಪತ್ರಿಕೆ ಮಸಿಪತ್ರಿಕೆ ಆಗುತ್ತಿತ್ತು. ಉತ್ತರದ ಕಡೆಯ ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. ಅವನಿಗೆ ಕನ್ನಡ ಬಾರದು, ನನಗೆ ಹಿಂದಿ ಬಾರದು. ‘ಇಂಕ್ ಕಮಿಂಗ್, ವಾಟರ್ ನಾಟ್ ಕಮಿಂಗ್, ರೋಲರ್ ಡ್ರೈ’ ಎಂದೆ. ಅವನಿಗೆ ಅರ್ಥವಾಯಿತು. ಯಾವ ಸ್ಕ್ರೂ ತಿರುಗಿಸಬೇಕೆಂದು ಅವನೂ ಅಂಥದೇ ಇಂಗ್ಲಿಷಿನಲ್ಲಿ ಹೇಳಿದ. ಅರ್ಧ ಗಂಟೆಯಲ್ಲಿ ಮಷೀನು ಓಡಿತು. ಪಿಯುಸಿ ಇಂಗ್ಲಿಷಿನಲ್ಲಿ ನನಗೆ ಬಂದ ಅಂಕಕ್ಕೂ ಈ ಫೋನಿಗೂ ಯಾವ ಸಂಬಂಧವೂ ಇರಲಿಲ್ಲ. ಆ ಮೂರು ತುಂಡು ಮಾತಿಗೆ ನಮ್ಮ ಪರೀಕ್ಷಕರು ಎಷ್ಟು ಅಂಕ ಕೊಡುತ್ತಿದ್ದರು? ವ್ಯಾಕರಣ ಇಲ್ಲವೆಂದು ಸೊನ್ನೆ ಹಾಕುತ್ತಿದ್ದರು. ನಾನಾದರೆ ಹತ್ತಕ್ಕೆ 5 ಕೊಡುತ್ತೇನೆ. ಕೆಲಸ ಆಯಿತು, ಅದಕ್ಕೆ 5. ಇನ್ನುಳಿದ 5 ಕಲಿಯುವುದು ಬಾಕಿ ಇದೆ.

ಇದು ಪ್ರೆಸ್ಸಿನವನ ಅಡ್ಡಾದಿಡ್ಡಿ ವಾದ ಎಂದು ತಳ್ಳಿಹಾಕಬೇಡಿ. ನಮ್ಮ ಬೆಂಗಳೂರಿನಲ್ಲೇ ಇದನ್ನು ಮಾಡಿ ತೋರಿಸಿದವರಿದ್ದಾರೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬ ವಿದ್ವಾಂಸರು ಮತ್ತು ಅವರ ಜೊತೆಯವರು, 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಸರೆಯಲ್ಲಿ, ಬೆಂಗಳೂರು ಮತ್ತು ಮದರಾಸು ಕಡೆಯ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಇಂಗ್ಲಿಷ್ ಕಲಿಸುವ ಬಗ್ಗೆ ಪ್ರಪಂಚದಲ್ಲಿ ಎಲ್ಲಿ ಪುಸ್ತಕ ಬಂದರೂ ಅದರಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರು ಬರುತ್ತದೆ. ಬೆಂಗಳೂರಿನವರಿಗೇ ಗೊತ್ತಿಲ್ಲ! ವ್ಯಾಕರಣದ ಪಟ್ಟಿ ಹಿಡಿದು ಪಾಠ ಮಾಡಲಿಲ್ಲ ಅವರು. ರೈಲಿನ ವೇಳಾಪಟ್ಟಿ ಕೊಟ್ಟರು, ಊರಿನ ನಕ್ಷೆ ಕೊಟ್ಟರು. ಈ ಊರಿಗೆ ಮಧ್ಯಾಹ್ನದೊಳಗೆ ಮುಟ್ಟಬೇಕಾದರೆ ಯಾವ ರೈಲು ಹಿಡಿಯಬೇಕು ಎಂಬಂಥ ಸಮಸ್ಯೆಯನ್ನು ಮೇಷ್ಟ್ರು ಇಡೀ ತರಗತಿಯ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾ ಬಿಡಿಸುತ್ತಿದ್ದರು, ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕು. ಉತ್ತರ ಒಂದೇ ಪದದಲ್ಲಿ ಬಂದರೂ ನಡೆಯುತ್ತಿತ್ತು. ವಾಕ್ಯ ನೆಟ್ಟಗಿದೆಯೇ ಎಂಬುದಕ್ಕಿಂತ ಲೆಕ್ಕ ಸರಿ ಬಂತೇ ಎಂಬುದು ಅಳತೆ. 1987ರಲ್ಲಿ ಪ್ರಭು ಅವರ ಪುಸ್ತಕವೂ ಬಂತು. ಎಲ್ಲವೂ ಸರಿ ಇತ್ತು ಎನ್ನುವುದಿಲ್ಲ, ಆ ಮಕ್ಕಳು ನಿಜಕ್ಕೂ ಎಷ್ಟು ಕಲಿತರು ಎಂಬ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಆದರೆ ಮಗುವಿನ ಮಾತನ್ನು ಅದು ಮಾಡುವ ಕೆಲಸದಿಂದ ಅಳೆಯಬಹುದು ಎಂಬ ವಿಚಾರ ನಮ್ಮ ನೆಲದ ತರಗತಿಗಳಲ್ಲೇ ಹುಟ್ಟಿ ಬೆಳೆಯಿತು.

ಅದೇ ವರ್ಷಗಳಲ್ಲಿ, ನೆನಪಿರಲಿ, ಬೀದಿಯಲ್ಲಿ ಗೋಕಾಕ್ ಚಳವಳಿ. 1982ರಲ್ಲಿ ಡಾ. ರಾಜ್‌ಕುಮಾರ್ ಮುಂದೆ ನಿಂತರು, ನಾಡಿಗೆ ನಾಡೇ ಎದ್ದು ನಿಂತಿತು. ಕನ್ನಡ ಮೊದಲ ಭಾಷೆಯಾಗಲಿ ಎನ್ನುವುದಕ್ಕೂ ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಸಿ ಎನ್ನುವುದಕ್ಕೂ ವಿರೋಧವೇ ಇರಲಿಲ್ಲ. ಆದರೆ ನಾವು ಮೊದಲನೆಯದಕ್ಕೆ ಮಾತ್ರ ಧ್ವನಿ ಕೊಟ್ಟೆವು, ಎರಡನೆಯದನ್ನು ಖಾಸಗಿ ಶಾಲೆಯವರ ಕೈಗೆ ಬಿಟ್ಟುಕೊಟ್ಟೆವು. ಅವರು ಅದನ್ನೇ ಬಂಡವಾಳ ಮಾಡಿಕೊಂಡರು. 1994ರಲ್ಲಿ ಒಂದರಿಂದ ನಾಲ್ಕನೇ ತರಗತಿಯವರೆಗೆ ತಾಯ್ನುಡಿ ಅಥವಾ ಕನ್ನಡ ಮಾಧ್ಯಮ ಎಂದು ಸರ್ಕಾರ ಆದೇಶ ಮಾಡಿತು. 2008ರಲ್ಲಿ ಹೈಕೋರ್ಟಿನಲ್ಲಿ ಸೋತಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದುಬಿಟ್ಟಿತು. ಕಾನೂನಿನ ಬಾಗಿಲು ಹೀಗೆ ಮುಚ್ಚಿದೆ. ಈಗ ಜಗಳೂರಿನ ಕೂಲಿಯವನು ತನ್ನ ಮಗಳನ್ನು ಕನ್ನಡ ಶಾಲೆಗೆ ಕಳಿಸಬೇಕಾದರೆ ಅವನಿಗೆ ಒಂದೇ ಒಂದು ಖಾತ್ರಿ ಬೇಕು: ಇಲ್ಲಿ ಓದಿದರೂ ನನ್ನ ಮಗಳು ಇಂಗ್ಲಿಷ್ ಮಾತಾಡುತ್ತಾಳೆ. ಆ ಖಾತ್ರಿ ಕೊಡುವುದು ರಿಜಿಸ್ಟರಿನ ಸುಳ್ಳು ಎಂಟಲ್ಲ.

ಹಾಗಾದರೆ 62 ಮಕ್ಕಳನ್ನು ಕೇಳುವುದು ಹೇಗೆ? ಆಗುತ್ತದೆ. ಒಂದೇ ದಿನ ಪರೀಕ್ಷೆ ಎಂದು ಕೂತರೆ ಆಗುವುದಿಲ್ಲ, ಅಷ್ಟೇ. ದಿನಕ್ಕೆ ನಾಲ್ಕು ಮಕ್ಕಳು, ತಲಾ ಎರಡು ನಿಮಿಷ. ಪಿರಿಯಡ್ಡಿನ 40 ನಿಮಿಷದಲ್ಲಿ ಹೋಗುವುದು 8. 62 ಮಕ್ಕಳು 16 ಪಿರಿಯಡ್ಡಿನಲ್ಲಿ ಮುಗಿಯುತ್ತಾರೆ. ವಾರಕ್ಕೆ ಆರು ಪಿರಿಯಡ್ ಇದ್ದರೆ ಮೂರು ವಾರವೂ ಬೇಡ. ಅರ್ಧ ವರ್ಷದಲ್ಲಿ ಪ್ರತಿ ಮಗುವನ್ನೂ ಮೂರು ಸಲ ಕೇಳಬಹುದು. ಉಳಿದ 58 ಜನ ಆ 8 ನಿಮಿಷ ಏನು ಮಾಡಬೇಕು? ಅವರ ಕೈಗೆ ಒಂದು ಚೀಟಿ. ಮಾತಾಡುವವಳು ಹೊನ್ನಾಳಿ ಬಸ್ ಸ್ಟ್ಯಾಂಡಿನಿಂದ ಶಿವಮೊಗ್ಗಕ್ಕೆ, ಹರಿಹರಕ್ಕೆ ಹೋಗುವ ಬಸ್ಸಿನ ಹೊತ್ತು ಹೇಳುತ್ತಾಳೆ, ಕೇಳುವವರು ಬರೆದುಕೊಳ್ಳುತ್ತಾರೆ. ಹೆಚ್ಚಿನವರ ಚೀಟಿ ಸರಿ ಇದ್ದರೆ ಅವಳ ಮಾತು ತಲುಪಿತು ಎಂದೇ ಅರ್ಥ. ಒಂದೇ ಏಟಿಗೆ ‘ಆಲಿಸುವುದು’ ಕಾಲಂ ಕೂಡ ತುಂಬಿತು! ಮಾತಾಡುವ ವಿಷಯ ಊರಿನದೇ ಇರಲಿ. ಚನ್ನಗಿರಿಯ ಹುಡುಗ ಅಡಿಕೆ ಬೇಯಿಸುವುದನ್ನು ಹೇಳಲಿ, ಜಗಳೂರಿನ ಹುಡುಗಿ ಬೋರ್‌ವೆಲ್ ಬತ್ತಿದ್ದನ್ನು ಹೇಳಲಿ. ಲಂಡನ್ನಿನ ಹಿಮದ ಬಗ್ಗೆ ಬೇಡ.

ಅಂಕ ಹತ್ತು ಬೇಕಿಲ್ಲ, ಮೂರು ಮೆಟ್ಟಿಲು ಸಾಕು. ಸಲೀಸಾಗಿ ಅರ್ಥವಾಯಿತು, ಒಂದೆರಡು ಸಲ ಕೇಳಿ ಅರ್ಥ ಮಾಡಿಕೊಂಡೆ, ಅರ್ಥವಾಗಲಿಲ್ಲ. ಇಬ್ಬಿಬ್ಬರನ್ನು ಜೊತೆ ಮಾಡಿ ಮಾತಾಡಿಸುವುದೂ ಒಳ್ಳೆಯದು, ಇಬ್ಬರ ಅಂಜಿಕೆಯೂ ಅರ್ಧ ಕಡಿಮೆಯಾಗುತ್ತದೆ. ಸಿಬಿಎಸ್‌ಇಯವರು 2012-13ರ ಹೊತ್ತಿಗೆ ಒಂಬತ್ತನೇ ತರಗತಿಗೆ ಕೇಳುವ, ಮಾತಾಡುವ ಪರೀಕ್ಷೆ ತಂದಾಗ ಹೀಗೆ ಜೋಡಿಯಲ್ಲೇ ಮಾತಾಡಿಸುತ್ತಿದ್ದರು. ಕೆಲವು ವರ್ಷ ನಡೆಸಿ ಆ ರೂಪದಲ್ಲಿ ಕೈಬಿಟ್ಟರು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ ಎನ್ನುವ ಸಲಹೆಯನ್ನು ನನ್ನ ಗೆಳೆಯರೊಬ್ಬರು ಕೊಟ್ಟರು. ನನಗೇಕೋ ಅದರಲ್ಲಿ ನಂಬಿಕೆ ಇಲ್ಲ. ಮನೆಯಲ್ಲಿ ಅಣ್ಣ ಬರೆದುಕೊಟ್ಟದ್ದನ್ನು ತಮ್ಮ ಓದುತ್ತಾನೆ, ಫೋನು ಅಪ್ಪನ ಜೊತೆ ಹೊಲಕ್ಕೆ ಹೋಗಿರುವ ಹುಡುಗಿಗೆ ಸೊನ್ನೆ ಬೀಳುತ್ತದೆ.

ಮತ್ತೆ ಎಲ್ಲರಿಗೂ 8 ಗೀಚುವುದಿಲ್ಲ ಎನ್ನುವುದಕ್ಕೆ ಏನು ಗ್ಯಾರಂಟಿ? ಚೀಟಿ ಎತ್ತಿ. ವರ್ಷಕ್ಕೊಮ್ಮೆ ಪಕ್ಕದ ಊರಿನ ಇಂಗ್ಲಿಷ್ ಮೇಷ್ಟ್ರು ಬಂದು 6 ಹೆಸರಿನ ಚೀಟಿ ಎತ್ತಲಿ, ಆ ಆರು ಮಕ್ಕಳನ್ನು ಮಾತ್ರ ಕೇಳಲಿ, ರಿಜಿಸ್ಟರಿನ ಜೊತೆ ತಾಳೆ ನೋಡಲಿ. ಆರು ಮಕ್ಕಳಿಗೆ ಅರ್ಧ ಗಂಟೆ ಸಾಕು. ಯಾರ ಚೀಟಿ ಬರುತ್ತದೋ ಗೊತ್ತಿಲ್ಲದ ಕಾರಣ 62 ಜನರನ್ನೂ ಕೇಳಲೇಬೇಕಾಗುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಡ, ಟೆಂಡರು ಬೇಡ. ಬಹುಶಃ ಅದಕ್ಕೇ ಯಾರಿಗೂ ಇದರಲ್ಲಿ ಆಸಕ್ತಿ ಇಲ್ಲ!

ಉಚ್ಚಾರದ ಮಾತು ಬಂದೇ ಬರುತ್ತದೆ. ‘ಸ್ಕೂಲ್’ ಎನ್ನಲು ‘ಇಸ್ಕೂಲು’ ಎಂದನೆಂದು ಇಡೀ ತರಗತಿ ನಕ್ಕರೆ ಆ ಹುಡುಗ ಮುಂದೆ ಮೂರು ವರ್ಷ ಬಾಯಿ ಬಿಡುವುದಿಲ್ಲ. ಅಷ್ಟು ದುಬಾರಿಯ ಐಇಎಲ್‌ಟಿಎಸ್ ಕೂಡ ತಾಯ್ನುಡಿಯ ಎಳೆ ನಾಲಿಗೆಯ ಮೇಲೆ ಇದೆ ಎಂಬ ಒಂದೇ ಕಾರಣಕ್ಕೆ ಅಂಕ ಕಡಿಯುವುದಿಲ್ಲ, ಕೇಳುವವನಿಗೆ ಅರ್ಥವಾಗುವುದೇ ಎಂದು ನೋಡುತ್ತದೆ. ಅಲ್ಲಿಲ್ಲದ ಮಡಿ ಇಲ್ಲಿ ಯಾಕೆ? ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ, ಸಂತ ಸೇವಾಲಾಲರು ಹುಟ್ಟಿದ ಊರು. ಅಲ್ಲಿನ ತಾಂಡಾದ ಮಗು ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ ಮಾತಾಡಿ ಈಗ ಇಂಗ್ಲಿಷಿಗೆ ಬಾಯಿ ತೆರೆಯುತ್ತಿದೆ. ಕಾನ್ವೆಂಟಿನ ಮಗು ಒಂದೂವರೆ ಭಾಷೆ ಕಲಿತದ್ದಕ್ಕೆ ಚಪ್ಪಾಳೆ, ಮೂರು ಭಾಷೆ ದಾಟುತ್ತಿರುವ ಮಗುವಿಗೆ ನಗೆ.

ಅಂದಹಾಗೆ, ಆ ರಿಜಿಸ್ಟರಿನ ಕನ್ನಡ ಪುಟವನ್ನೂ ತಿರುವಿದೆ. ಅಲ್ಲಿ ‘ಮಾತನಾಡುವುದು’ ಕಾಲಂನಲ್ಲಿ ಎಲ್ಲರಿಗೂ 9. ಮನೆಮಾತು ಎಂದು ಒಂದು ಅಂಕ ಜಾಸ್ತಿ! ನಮ್ಮ ಮಕ್ಕಳು ಕನ್ನಡದಲ್ಲೂ ಎದ್ದು ನಿಂತು ಎರಡು ನಿಮಿಷ ಮಾತಾಡಲು ಕೈ ನಡುಗಿಸುತ್ತಾರೆ, ಅವರ ಕನ್ನಡವನ್ನೂ ಯಾರೂ ಕೇಳಿಲ್ಲ. ಇಂಗ್ಲಿಷಿಗೆ ಹೇಳಿದ ಕ್ರಮ ಕನ್ನಡಕ್ಕೂ ಬೇಕು, ಮೊದಲು ಬೇಕು. ತನ್ನ ಭಾಷೆಯಲ್ಲಿ ಧೈರ್ಯ ಬಂದವನ ನಾಲಿಗೆ ಇನ್ನೊಂದಕ್ಕೂ ಹೊರಳುತ್ತದೆ.

ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಎದ್ದು ಕನ್ನಡದಲ್ಲಿ ಮಾತಾಡಿದರು. ಆ ಸಭೆಯಲ್ಲಿ ಮೊದಲ ಬಾರಿಗೆ ಕನ್ನಡ ಕೇಳಿಸಿದ್ದು ಅವರಿಂದ. ಕಾನೂನು ಓದಿದ್ದ ಪಟೇಲರಿಗೆ ಇಂಗ್ಲಿಷ್ ಬಾರದೆ ಇರಲಿಲ್ಲ. ಬೇಕೆಂದೇ ಕನ್ನಡ ಮಾತಾಡಿದರು. ನಮ್ಮ ಹುಡುಗರು ಇಂಗ್ಲಿಷ್ ಬಾರದೆ ತಲೆ ತಗ್ಗಿಸಿ ಕನ್ನಡ ಮಾತಾಡುವುದಕ್ಕೂ ಅದಕ್ಕೂ ಅಜಗಜಾಂತರ. ನಾಮಫಲಕಕ್ಕೆ ಮಸಿ ಬಳಿಯುವ ನಮ್ಮ ಮುಖಂಡರಲ್ಲಿ ಎಷ್ಟು ಜನರ ಮಕ್ಕಳು ಯಾವ ಶಾಲೆಯಲ್ಲಿದ್ದಾರೆ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಅವರ ಮಕ್ಕಳ ಹುಟ್ಟುಹಬ್ಬದ ಕಾರ್ಡು ಅಚ್ಚಾಗುವುದು ನನ್ನ ಪ್ರೆಸ್ಸಿನಲ್ಲೇ, ಇಂಗ್ಲಿಷಿನಲ್ಲಿ. ನಾನೂ ಸಾಚಾ ಅಲ್ಲ. ‘30 ದಿನದಲ್ಲಿ ನಿರರ್ಗಳ ಇಂಗ್ಲಿಷ್’ ಎಂಬ ಹ್ಯಾಂಡ್‌ಬಿಲ್ಲನ್ನು ಪ್ರತಿ ರಿಸಲ್ಟು ಬಂದ ವಾರ ಸಾವಿರಗಟ್ಟಲೆ ಅಚ್ಚು ಹಾಕಿ ದುಡ್ಡು ಎಣಿಸಿಕೊಂಡಿದ್ದೇನೆ. ಹತ್ತು ವರ್ಷ ಸರ್ಕಾರ ಕೇಳದ ಮಾತನ್ನು 30 ದಿನದಲ್ಲಿ ಕೇಳುತ್ತೇವೆ ಎಂದು ಅವರು ಸಾವಿರಾರು ರೂಪಾಯಿ ಕೀಳುತ್ತಾರೆ, ಅಲ್ಲೂ ಒಂದು ಬ್ಯಾಚಿಗೆ ಐವತ್ತು ಜನ!

ಬೆಂಗಳೂರು, ದಾವಣಗೆರೆಯಲ್ಲಿರುವ ಗೆಳೆಯರೆ, ಹಬ್ಬಕ್ಕೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ನೀವು ಓದಿದ ಶಾಲೆಗೆ ಹೋಗಿ ಕುಳಿತುಕೊಳ್ಳಿ, ಮೇಷ್ಟ್ರಿಗೆ ಜೋರು ಮಾಡಬೇಡಿ. ಮಕ್ಕಳು ಮಾತಾಡುವುದನ್ನು ಕೇಳಲು ವಾರಕ್ಕೆ ಎಷ್ಟು ಹೊತ್ತು ಸಿಗುತ್ತದೆ ಎಂದು ಕೇಳಿ. ಮಾತಿನ ಅಂಕವನ್ನು ಯಾವ ದಿನ, ಯಾವ ವಿಷಯ ಕೇಳಿ ಕೊಟ್ಟರು ಎಂಬ ದಾಖಲೆ ಇದೆಯೇ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಇಲಾಖೆಗೆ ಅರ್ಜಿ ಹಾಕಿ. ಅರ್ಜಿ ಕನ್ನಡದಲ್ಲೇ ಇರಲಿ. 10 ರೂಪಾಯಿಯ ಖರ್ಚು.

ಆ ಹತ್ತು ರಿಜಿಸ್ಟರು ಮೊನ್ನೆ ಬೈಂಡ್ ಆಗಿ ಬಂದವು. ಯಾರೂ ಕೇಳದಿದ್ದರೂ ‘ಮಾತನಾಡುವುದು’ ಎಂಬ ಕಾಲಂನ ಪಕ್ಕ ಇನ್ನೊಂದು ಸಣ್ಣ ಕಾಲಂ ಸೇರಿಸಿದ್ದೇನೆ. ‘ಕೇಳಿದ ದಿನಾಂಕ’ ಎಂದು ತಲೆಬರಹ ಕೊಟ್ಟಿದ್ದೇನೆ. ಹೆಡ್ ಮೇಷ್ಟ್ರು ಬೇಡವೆಂದು ವಾಪಸು ಕಳಿಸಿದರೆ ಕಾಗದ, ಬೈಂಡಿಂಗ್ ಎರಡರ ಖರ್ಚೂ ನನ್ನದೇ.